ಕೂರಬಹುದಾಗಿದ್ದ ಒಂದೇ ಮಂಚ

(ವಿದ್ಯಾರ್ಥಿ ನಿಲಯವೊಂದರ ವಾರ್ಷಿಕ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಾರ್ಡನ್ ಸರ್ ನನಗೆ ಕೊಟ್ಟ ವಿಷಯ "ಸೈನ್ಯ ಕಲಿಸಿದ ಶಿಸ್ತು". ಆಮಂತ್ರಣ ಪತ್ರಿಕೆಯಲ್ಲೂ ಹಾಗೇ ಅಚ್ಚಾಗಿದೆ. ಆದರೆ ಕಾರ್ಯಕ್ರಮಕ್ಕೆ ಮೊದಲು ನಿಮ್ಮ ರೂಮುಗಳನ್ನು ಒಂದು ಸುತ್ತು ನೋಡಿ ಬಂದೆ. ಕಿಟಕಿ ಸರಳಿಗೆ ಒದ್ದೆ ಬನಿಯನ್, ಮಂಚದ ಕೆಳಗೆ ತಿಂದ ತಟ್ಟೆ, ಬಕೆಟ್ಟಿನೊಳಗೆ ಪಠ್ಯಪುಸ್ತಕ. ಒಬ್ಬ ಹುಡುಗ ನನ್ನನ್ನು ಕಂಡ ತಕ್ಷಣ ಕಾಲಿನಲ್ಲೇ ಏನನ್ನೋ ಮಂಚದಡಿ ತಳ್ಳಿದ. ಅವನು ತಳ್ಳಿದ ರೀತಿ ನೋಡಿ ನನಗೆ ಒಬ್ಬ ನೆನಪಾದ. ಹಾಗಾಗಿ ಇವತ್ತು ಶಿಸ್ತಿಗೂ ತನಗೂ ಸಂಬಂಧವೇ ಇಲ್ಲದ ಹಾಗೆ ಬದುಕಿದ ಒಬ್ಬ ಸೈನಿಕನ ಬಗ್ಗೆ ಮಾತಾಡುತ್ತೇನೆ. ವಾರ್ಡನ್ ಸರ್ ಬೇಜಾರು ಮಾಡ್ಕೋಬಾರದು.

ಅವನ ಹೆಸರು ಹೇಳುವುದಿಲ್ಲ. ಈಗ ಅವನಿಗೂ ಅಳಿಯ ಬಂದಿದ್ದಾನೆ, ಮರ್ಯಾದೆಯ ಪ್ರಶ್ನೆ. ಬ್ಯಾರಕ್ಕಿನಲ್ಲಿ ಎಲ್ಲರೂ ಅವನನ್ನು "ಸಂತೆ" ಅಂತ ಕರೆಯುತ್ತಿದ್ದರು. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಈಗಾಗಲೇ ಗೊತ್ತಾಗಿರಬಹುದು. ಹೊಸೂರು ಕಡೆಯವನು. ಆ ಕಡೆ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಇವನು ಒಂದೇ ಮಾತಿನಲ್ಲಿ ಮೂರನ್ನೂ ನಡೆಸುತ್ತಿದ್ದ. ನನಗಿಂತ ಒಂದೆರಡು ವರ್ಷ ಚಿಕ್ಕವನು. ನನ್ನನ್ನು "ಅಣ್ಣಾ" ಅಂತಿದ್ದ. ನನ್ನ ಸೋಪು, ಪಾಲಿಶ್ ಡಬ್ಬಿ, ಷೇವಿಂಗ್ ಬ್ಲೇಡು ತೆಗೆದುಕೊಳ್ಳುವಾಗ "ಅಣ್ಣಾ" ಸ್ವಲ್ಪ ಉದ್ದ ಆಗುತ್ತಿತ್ತು.

ನಾವಿಬ್ಬರೂ ಮದ್ರಾಸ್ ಸ್ಯಾಪರ್ಸ್. ಹೆಸರಿನಲ್ಲಿ ಮದ್ರಾಸ್ ಇದ್ದರೂ ಕೇಂದ್ರ ಇರುವುದು ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ. 1780ರಲ್ಲಿ ಶುರುವಾದ ಪಡೆ ಅದು. ದಕ್ಷಿಣದ ರಾಜ್ಯಗಳ ಹುಡುಗರೇ ಜಾಸ್ತಿ. ಬೇರೆ ಪಡೆಯವರು ನಮ್ಮನ್ನೆಲ್ಲ "ತಂಬಿ" ಅಂತಲೇ ಕರೆಯುತ್ತಾರೆ. ನೀವು ಧಾರವಾಡದವರಾದರೂ ತಂಬಿ, ಕೊಲ್ಲಂನವರಾದರೂ ತಂಬಿ. ಸ್ಯಾಪರ್ ಅಂದರೆ ಬಂದೂಕಿನ ಜೊತೆ ಗುದ್ದಲಿಯನ್ನೂ ಹಿಡಿಯುವವನು. ಸೇತುವೆ ಕಟ್ಟಬೇಕು, ದಾರಿ ಮಾಡಬೇಕು, ಮೈನ್ ಅಂದರೆ ನೆಲಬಾಂಬು ಹೂಳಬೇಕು, ಹೂಳಿದ್ದನ್ನು ತೆಗೆಯಬೇಕು. ಮುಳ್ಳುತಂತಿ ಬೇಲಿಯನ್ನು ಸಿಡಿಸಿ ದಾರಿ ಮಾಡುವ ಉದ್ದ ಕೊಳವೆಯೊಂದಿದೆ, ಬ್ಯಾಂಗಲೋರ್ ಟಾರ್ಪೆಡೊ ಅಂತ. ಜಗತ್ತಿನ ಬೇರೆ ಬೇರೆ ಸೈನ್ಯಗಳು ಅದನ್ನು ಬಳಸಿವೆ. ಅದನ್ನು 1912ರಲ್ಲಿ ಬೆಂಗಳೂರಿನಲ್ಲಿ ನಮ್ಮ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ್ದು. ಹೆಮ್ಮೆ ಪಡೋಕೆ ಇಷ್ಟು ಸಾಕು, ಮುಂದೆ ಹೋಗೋಣ.

ತರಬೇತಿ ಮುಗಿದ ಮೇಲೆ ಉತ್ತರದ ಒಂದು ಯೂನಿಟ್ಟಿಗೆ ಹೋದೆವು. ಯೂನಿಟ್ ಯಾವುದು, ಊರು ಯಾವುದು ಅಂತ ಕೇಳಬೇಡಿ. ಬಿಟ್ಟು ಬಂದು ಇಷ್ಟು ವರ್ಷವಾದರೂ ಬಾಯಿಗೆ ಬರುವುದಿಲ್ಲ. ಮನೆಯವರಿಗೂ ಗೊತ್ತಿದ್ದದ್ದು "56 ಎಪಿಓ" ಅನ್ನುವ ಸೈನ್ಯದ ಅಂಚೆ ಕಚೇರಿಯ ವಿಳಾಸ ಮಾತ್ರ. ನಮ್ಮ ಅವ್ವ ಬಹಳ ದಿನ ಅದನ್ನೇ ಊರಿನ ಹೆಸರು ಅಂದುಕೊಂಡಿದ್ದಳು.

ಬ್ಯಾರಕ್ಕು ಅಂದರೆ ಒಂದು ಉದ್ದದ ಹಾಲ್. ಎರಡು ಗೋಡೆಗೂ ಸಾಲಾಗಿ ಕಬ್ಬಿಣದ ಮಂಚಗಳು, ಮಧ್ಯೆ ಓಡಾಡುವ ದಾರಿ. ಪ್ರತಿ ಮಂಚದ ಬುಡದಲ್ಲಿ ಒಂದು ಕಪ್ಪು ತಗಡಿನ ಟ್ರಂಕು, ಅದರ ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ರ‍್ಯಾಂಕು, ಹೆಸರು. ನೀವು ಮಂಚ ಇರುವುದು ಮಲಗುವುದಕ್ಕೆ ಅಂದುಕೊಂಡಿರುತ್ತೀರಿ. ಬ್ಯಾರಕ್ಕಿನಲ್ಲಿ ಅದು ತೋರಿಸುವುದಕ್ಕೆ. ಬೆಳಗ್ಗೆ ಪಿ.ಟಿ.ಗೆ ಓಡುವ ಮೊದಲೇ ಚಾದರ ಒಂದು ಸುಕ್ಕೂ ಇಲ್ಲದ ಹಾಗೆ ಎಳೆದು ಕಟ್ಟಬೇಕು. ಕಂಬಳಿಯ ಮಡಿಕೆ ಎಲ್ಲ ಮಂಚಗಳಲ್ಲೂ ಒಂದೇ ಅಳತೆ. ಸೊಳ್ಳೆ ಪರದೆ ಒಂದೇ ರೀತಿ ಸುತ್ತಿರಬೇಕು. ಬೂಟುಗಳ ಮೂತಿ ಒಂದೇ ಗೆರೆಯಲ್ಲಿ. ಹವಾಲ್ದಾರ್ ಮೇಜರ್ ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು, ಸಾಲು ಎಲ್ಲಿ ತಪ್ಪಿದೆ ಅಂತ.

ಒಮ್ಮೆ ಹೀಗೆ ಕಟ್ಟಿದ ಮಂಚದ ಮೇಲೆ ಯಾರು ಕೂರುತ್ತಾರೆ ಹೇಳಿ? ಮಧ್ಯಾಹ್ನ ಊಟ ಮಾಡಿ ಬಂದರೆ ನಮ್ಮ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದೆವು. ಮರುದಿನ ಇನ್‌ಸ್ಪೆಕ್ಷನ್ ಅಂದರೆ ಕೆಲವರು ಹಿಂದಿನ ರಾತ್ರಿಯೇ ಮಂಚ ಸಿದ್ಧ ಮಾಡಿ, ತಾವು ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದರು. ನಾನೂ ಅವರಲ್ಲೊಬ್ಬ. ನಾನು ಅಚ್ಚುಕಟ್ಟಿನ ಮನುಷ್ಯ. ಈಗಲೂ ಅಷ್ಟೇ, ಮನೆಯಲ್ಲಿ ಕೇಳಿದರೆ ಬೈಯುತ್ತಾ ಹೇಳುತ್ತಾರೆ.

ಇದೆಲ್ಲ ಬರೀ ಶೋಕಿ ಅಂತ ಅಂದುಕೊಳ್ಳಬೇಡಿ. ಬ್ರಿಟಿಷರ ಕಾಲದಲ್ಲಿ ಬ್ಯಾರಕ್ಕುಗಳು ಸಾವಿನ ಮನೆಗಳಾಗಿದ್ದವು. ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು ಅಂತ 1863ರ ರಾಯಲ್ ಕಮಿಷನ್ ವರದಿ ಹೇಳಿತು. ಹೆಚ್ಚಿನವರು ಗುಂಡಿಗಲ್ಲ, ಕಾಲರಾ, ಜ್ವರ, ಭೇದಿಗೆ ಸತ್ತವರು. ಕೆಟ್ಟ ನೀರು, ಚರಂಡಿ ಇಲ್ಲ, ಒಂದೇ ಹಾಲಿನಲ್ಲಿ ಮಂಚಕ್ಕೆ ಮಂಚ ತಾಗಿಸಿ ಮಲಗುವುದು. ಆ ವರದಿಯ ಹಿಂದೆ ತುಂಬ ಕೆಲಸ ಮಾಡಿದವರು ಫ್ಲಾರೆನ್ಸ್ ನೈಟಿಂಗೇಲ್. ಭಾರತಕ್ಕೆ ಕಾಲೇ ಇಟ್ಟವರಲ್ಲ. ಇಲ್ಲಿನ ಒಂದೊಂದು ಠಾಣ್ಯಕ್ಕೂ ಪ್ರಶ್ನೆಗಳ ಪಟ್ಟಿ ಕಳಿಸಿ, ನೀರು ಎಲ್ಲಿಂದ ಬರುತ್ತೆ, ಕೊಳಕು ಎಲ್ಲಿಗೆ ಹೋಗುತ್ತೆ ಅಂತ ಲಂಡನ್ನಿನಲ್ಲಿ ಕೂತೇ ಲೆಕ್ಕ ಹಾಕಿದರು. ಹಾಗಾಗಿ ಗಲೀಜೇ ಒಳ್ಳೇದು ಅಂತ ನಾನು ಹೇಳಲು ಬಂದಿಲ್ಲ. ತಿಂದ ತಟ್ಟೆಯನ್ನು ಮಂಚದಡಿ ಇಟ್ಟವನು ದಯವಿಟ್ಟು ಇವತ್ತೇ ತೊಳೆಯಲಿ.

ಈಗ ಸಂತೆಯ ಮಂಚಕ್ಕೆ ಬರೋಣ. ಅದು ನನ್ನ ಮಂಚದ ಪಕ್ಕದ್ದು. ಚಾದರದ ಒಂದು ತುದಿ ಯಾವಾಗಲೂ ನೆಲಕ್ಕೆ. ಸೊಳ್ಳೆ ಪರದೆಯ ಒಂದು ದಾರ ಕಟ್ಟಿದ್ದರೆ ಮೂರು ಜೋತಾಡುತ್ತಿದ್ದವು. ದಿಂಬಿನ ಕವರಿನೊಳಗೆ ಊರಿಂದ ಬಂದ ಇನ್‌ಲ್ಯಾಂಡ್ ಪತ್ರಗಳು. ಹಾಸಿಗೆ ಮೇಲೆ ಹಿಂಬದಿ ಬಿಚ್ಚಿದ ಟ್ರಾನ್ಸಿಸ್ಟರ್ ರೇಡಿಯೊ, ಅದರ ಸ್ಕ್ರೂಗಳು ಶೂ ಪಾಲಿಶ್ ಡಬ್ಬಿಯಲ್ಲಿ, ಪಾಲಿಶ್ ಮಾತ್ರ ಎಲ್ಲಿದೆಯೋ ಅವನಿಗೂ ಗೊತ್ತಿಲ್ಲ. ಟ್ರಂಕು ತೆರೆದರೆ ಕೊಬ್ಬರಿ ಎಣ್ಣೆ ವಾಸನೆ. ಊರಿಂದ ತಂದ ಎಣ್ಣೆ ಬಾಟಲಿ ಒಮ್ಮೆ ಒಳಗೇ ಉರುಳಿ, ಯೂನಿಫಾರ್ಮಿನಿಂದ ಹಿಡಿದು ಪೇ ಬುಕ್ಕಿನವರೆಗೆ ಎಲ್ಲ ಕುಡಿದಿತ್ತು. ಬೆಲ್ಟಿನ ಹಿತ್ತಾಳೆಗೆ ಬ್ರಾಸೋ ಹಚ್ಚುತ್ತಿದ್ದ, ಒರೆಸುವುದನ್ನು ಮರೆಯುತ್ತಿದ್ದ. ಲಾಂಗ್ ಮಾರ್ಚಿಗೆ ಕೊಟ್ಟ ಸಿಹಿ ತಿಂಡಿ ಶಕ್ಕರ್‌ಪಾರೆ ಅರ್ಧ ತಿಂದು ಜೇಬಿನಲ್ಲಿಟ್ಟು, ಆ ಪ್ಯಾಂಟನ್ನು ಹಾಗೇ ಮಡಚಿಡುತ್ತಿದ್ದ. ಆಮೇಲೆ ಇರುವೆಗಳ ಫಾಲಿನ್, ಅಂದರೆ ಸಾಲಾಗಿ ನಿಲ್ಲುವುದು. ಇರುವೆಗಳ ಸಾಲು ಮಾತ್ರ ನೆಟ್ಟಗಿರುತ್ತಿತ್ತು.

ಒಂದು ಬೂಟು ಅವನ ಮಂಚದ ಕೆಳಗಿದ್ದರೆ ಇನ್ನೊಂದು ನನ್ನದರ ಕೆಳಗೆ. ಒಂದು ಭಾನುವಾರ ನನಗೆ ಸಾಕಾಗಿ ಹೋಯಿತು. ಸೀಮೆಸುಣ್ಣ ತಂದು ಎರಡು ಮಂಚದ ಮಧ್ಯೆ ಗೆರೆ ಎಳೆದೆ. "ಲೇ ಸಂತೆ, ಇದು ಬಾರ್ಡರ್. ನಿನ್ನ ಒಂದು ಸಾಮಾನೂ ಈಚೆ ಬರಬಾರದು" ಅಂದೆ. ಅವನು ಗೆರೆಯನ್ನು ಗಂಭೀರವಾಗಿ ನೋಡಿದ. "ಸರಿ ಅಣ್ಣಾ" ಅಂದ. ಸಂಜೆವರೆಗೂ ಪಾಲಿಸಿದ. ಸಂಜೆ ರೇಡಿಯೊವನ್ನು ಆ ಗೆರೆಯ ಮೇಲೇ ಇಟ್ಟ. "ಇದು ಇಬ್ಬರಿಗೂ ಕೇಳ್ಲಿ ಅಂತ ಅಣ್ಣಾ." ರೇಡಿಯೊ ಬಂತು, ಅದರ ಹಿಂದೆ ಕಡಲೆಕಾಯಿ ಬಂತು, ಕಡಲೆಕಾಯಿ ಸಿಪ್ಪೆ ಬಂತು, ಆಮೇಲೆ ಜನ ಬಂದರು. ಬೆಳಗ್ಗೆ ನೋಡಿದರೆ ಗೆರೆ ಎಲ್ಲರ ಚಡ್ಡಿಗೆ ಅಂಟಿಕೊಂಡು ಹೋಗಿತ್ತು.

ಈ ಜನ ಬರುವ ವಿಷಯವೇ ನಾನು ಹೇಳಬೇಕೆಂದಿದ್ದು. ಇಡೀ ಬ್ಯಾರಕ್ಕಿನಲ್ಲಿ ಕೂರಬಹುದಾದ ಮಂಚ ಅಂತ ಇದ್ದದ್ದು ಅದೊಂದೇ. ಮಿಕ್ಕ ಮಂಚಗಳೆಲ್ಲ ಇನ್‌ಸ್ಪೆಕ್ಷನ್ನಿಗೆ ಬರುವ ಸಾಹೇಬರದ್ದು, ಅವು ನಮ್ಮದೇ ಆಗಿದ್ದರೂ ನಮ್ಮದಲ್ಲ. ಸಂತೆಯ ಮಂಚದಲ್ಲಿ ಕೆಡಿಸುವುದಕ್ಕೆ ಏನೂ ಉಳಿದಿರಲಿಲ್ಲ, ಹಾಗಾಗಿ ಯಾರಿಗೂ ಸಂಕೋಚ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದವನು ಮೊದಲು ಅಲ್ಲಿ ಧೊಪ್ಪೆಂದು ಕೂರುತ್ತಿದ್ದ. ಮಲಯಾಳಿ ಹುಡುಗರು ಅಲ್ಲೇ ಇಸ್ಪೀಟು ಹಾಕುತ್ತಿದ್ದರು. ತೆಲುಗಿನವನೊಬ್ಬ ಅಲ್ಲಿ ಕಾಲು ಚಾಚಿಕೊಂಡು ಹೆಂಡತಿಗೆ ಪತ್ರ ಬರೆಯುತ್ತಿದ್ದ, ಪಕ್ಕದಲ್ಲಿ ಮೂವರು ಇಣುಕಿ ಸಲಹೆ ಕೊಡುತ್ತಿದ್ದರು. ನಾನು ನನ್ನ ಗೆರೆಯ ಈಚೆ ನೆಲದ ಮೇಲೆ ಕೂತು ಬೂಟು ಉಜ್ಜುತ್ತಿದ್ದೆ, ಕಿವಿ ಮಾತ್ರ ಅಲ್ಲಿ. ಎಷ್ಟು ದಿನ ಹಾಗೆ ಕೂರಲಾಗುತ್ತೆ? ನಾನೂ ಎದ್ದು ಹೋದೆ.

ಇನ್ನೊಂದು ವಿಷಯ. ಅವನ ಹತ್ತಿರ ಯಾವುದೂ ಜಾಗದಲ್ಲಿರಲಿಲ್ಲ, ಆದರೆ ಎಲ್ಲ ಇತ್ತು. ಪರೇಡಿಗೆ ಹತ್ತು ನಿಮಿಷ ಇದೆ, ಗುಂಡಿ ಕಿತ್ತು ಬಂತು. ಎಲ್ಲಿಗೆ ಓಡುತ್ತೀರಿ? ಸಂತೆಯ ಟ್ರಂಕಿಗೆ. ಸೂಜಿ, ದಾರ, ಬೂಟಿನ ಲೇಸು, ಅಮೃತಾಂಜನ, ಪಿನ್ನು, ಅಂಚೆ ಚೀಟಿ. ಅರ್ಧ ಭುಜದವರೆಗೆ ಕೈ ಹಾಕಿ ಕಲಕಿದರೆ ಬೇಕಾದದ್ದು ಸಿಕ್ಕೇ ಸಿಗುತ್ತಿತ್ತು. ಸ್ವಲ್ಪ ಎಣ್ಣೆ ಹತ್ತಿರುತ್ತಿತ್ತು, ಅಷ್ಟೇ.

ಈಗ ಇಲಿಗಳ ಕತೆ. ಕಂಪನಿ ಕಮಾಂಡರ್ ಮೇಜರ್ ಸಾಹೇಬರು ಕಿಟ್ ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ಒಬ್ಬನ ತಪ್ಪಿಗೆ ಇಡೀ ಬ್ಯಾರಕ್ಕು ಓಡಬೇಕಾಗುತ್ತೆ. ಹಾಗಾಗಿ ಹಿಂದಿನ ಸಂಜೆ ನಾವೊಂದಿಷ್ಟು ಜನ ಸಂತೆಯ ಮೂಲೆಗೆ ಲಗ್ಗೆ ಹಾಕಿದೆವು. ಒಬ್ಬ ಬೂಟು, ಒಬ್ಬ ಬೆಲ್ಟು, ನಾನು ಟ್ರಂಕು. ಅವನು ಮಧ್ಯೆ ನಿಂತು "ಅಯ್ಯೋ ಬಿಡಣ್ಣಾ, ನಾನು ಮಾಡ್ಕೋತೀನಿ" ಅನ್ನುತ್ತಾ ಇನ್ನಷ್ಟು ಕೆಡಿಸುತ್ತಿದ್ದ. ಗೋಡೆಗೆ ನೇತು ಹಾಕಿದ್ದ ಕಿಟ್ ಬ್ಯಾಗಿಗೆ ನಾನು ಕೈ ಹಾಕಲು ಹೋದಾಗ ಮಾತ್ರ ಅಡ್ಡ ಬಂದ. "ಅದೊಂದು ಮುಟ್ಟಬೇಡಿ ಅಣ್ಣಾ. ಒಳಗೆ ಬಾಣಂತಿ ಇದ್ದಾಳೆ."

ಸುಮ್ನೆ ತಮಾಷೆ ಅಂದುಕೊಂಡೆವು. ಕೆಲಸ ಬೇರೆ ತುಂಬ ಇತ್ತು.

ಮರುದಿನ ಸಾಹೇಬರು ಬಂದರು. ಸಂತೆಯ ಮಂಚದ ಮುಂದೆ ನಿಂತು ಆಶ್ಚರ್ಯದಿಂದ ತಲೆ ಆಡಿಸಿದರು. ಹವಾಲ್ದಾರ್ ಮೇಜರ್ ಮೀಸೆಯಡಿ ನಗು ಬಂತು. ಇನ್ನೇನು ಮುಂದಕ್ಕೆ ಹೋಗಬೇಕು, ಸಾಹೇಬರು ಕೈಲಿದ್ದ ಕೋಲಿನಿಂದ ಕಿಟ್ ಬ್ಯಾಗ್ ತೋರಿಸಿ "ಬಿಚ್ಚಿ" ಅಂದರು. ಹವಾಲ್ದಾರ್ ಮೇಜರ್ ಕೈ ಹಾಕಿ ಒಂದು ಉಣ್ಣೆ ಕಾಲುಚೀಲ ಹೊರಗೆ ತೆಗೆದರು. ಸರ್ಕಾರ ಕೊಟ್ಟದ್ದು. ಅದರೊಳಗೆ ಕಣ್ಣು ಬಿಡದ ಗುಲಾಬಿ ಬಣ್ಣದ ಮರಿಗಳು. ತಾಯಿ ಒಂದು ಸಲ ತಲೆ ಎತ್ತಿ ನೋಡಿ ಒಳಗೆ ಹೋಯಿತು.

ಬ್ಯಾರಕ್ಕಿನಲ್ಲಿ ಯಾರೂ ಉಸಿರಾಡಲಿಲ್ಲ. ಸಾಹೇಬರು ಬಗ್ಗಿ ನೋಡಿದರು. "ಇವರೆಲ್ಲ ಯಾರ ಅನುಮತಿ ಮೇಲೆ ಇಲ್ಲಿದ್ದಾರೆ?" ಅಂತ ಹಿಂದಿಯಲ್ಲಿ ಕೇಳಿದರು. ಸಂತೆ ಸಾವಧಾನ್ ನಿಂತು, ಎದುರಿನ ಗೋಡೆ ನೋಡುತ್ತಾ, "ಅಟ್ಯಾಚ್‌ಮೆಂಟ್ ಮೇಲೆ ಬಂದಿದ್ದಾರೆ, ಸಾಬ್" ಅಂದ. ಸೈನ್ಯದಲ್ಲಿ ಒಂದು ಯೂನಿಟ್ಟಿನವರನ್ನು ಸ್ವಲ್ಪ ದಿನಕ್ಕೆ ಇನ್ನೊಂದಕ್ಕೆ ಕಳಿಸುತ್ತಾರಲ್ಲ, ಅದಕ್ಕೆ ಹಾಗನ್ನುವುದು. "ರೇಷನ್?" "ನನ್ನ ಪಾಲಿನ ಶಕ್ಕರ್‌ಪಾರೆ, ಸಾಬ್." ಸಾಹೇಬರು ಏನೂ ಹೇಳದೆ ವೆರಾಂಡಕ್ಕೆ ಹೋಗಿ ಆ ಕಡೆ ತಿರುಗಿ ನಿಂತರು. ಭುಜ ಅಲುಗುತ್ತಿದ್ದದ್ದು ನಮಗೆ ಕಿಟಕಿಯಿಂದ ಕಾಣುತ್ತಿತ್ತು.

ನಕ್ಕರು ಅಂತ ಬಿಟ್ಟುಬಿಡಲಿಲ್ಲ. ಕಾಲುಚೀಲದ ಬೆಲೆ ಸಂಬಳದಲ್ಲಿ ಕಟ್ ಆಯಿತು. ಒಂದು ವಾರ ಸಂಜೆ ಸಂಜೆ ಪಿಟ್ಠೂ, ಅಂದರೆ ಬೆನ್ನ ಮೇಲೆ ಭಾರದ ಚೀಲ ಹೊತ್ತು ಮೈದಾನ ಸುತ್ತುವುದು. ಮರಿಗಳನ್ನು ಅವನೇ ರಟ್ಟಿನ ಡಬ್ಬಿಯಲ್ಲಿಟ್ಟು ಲಂಗರಿನ ಹಿಂದಿನ ಪೊದೆಗೆ ಸಾಗಿಸಿದ. ಲಂಗರ್ ಅಂದರೆ ನಮ್ಮ ಅಡುಗೆಮನೆ. ಅಡುಗೆಯವರು ಅವನಿಗೆ ಎಷ್ಟೋ ದಿನ ಎರಡನೇ ಸಲ ಸಾರು ಹಾಕಲಿಲ್ಲ. ಅವರ ಕೋಪದಲ್ಲೂ ನ್ಯಾಯ ಇತ್ತು ಬಿಡಿ.

ಇಂಥವನು ಕೆಲಸಕ್ಕೆ ನಿಂತರೆ ಹುಲಿಯಾಗಿದ್ದ ಅಂತ ಹೇಳುತ್ತೇನೆ ಅಂತ ಕಾಯುತ್ತಿದ್ದೀರಿ, ಅಲ್ವಾ? ಸಿನಿಮಾದಲ್ಲಾದರೆ ಹಾಗೇ. ನಮ್ಮ ಸಂತೆ ಕೆಲಸದಲ್ಲೂ ಸಂತೆಯೇ. ಸಾಧಾರಣ ಸ್ಯಾಪರ್. ನಾವು ಬೇಲಿ ಸೇತುವೆ ಕಟ್ಟುತ್ತಿದ್ದೆವು. ಬೇಲಿ ಅಂದರೆ ಮುಳ್ಳಿನ ಬೇಲಿಯಲ್ಲ, ಎರಡನೇ ಮಹಾಯುದ್ಧದ ಕಾಲದಲ್ಲಿ ಡೊನಾಲ್ಡ್ ಬೇಲಿ ಎಂಬ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ ಉಕ್ಕಿನ ಸೇತುವೆ. ಕ್ರೇನ್ ಇಲ್ಲದೆ ಬರೀ ಮನುಷ್ಯರೇ ಜೋಡಿಸಬಹುದು. ಒಂದೊಂದು ಚೌಕಟ್ಟು 10 ಅಡಿ ಉದ್ದ, 5 ಅಡಿ ಎತ್ತರ, ತೂಕ ಸುಮಾರು 260 ಕಿಲೊ. ಆರು ಜನ ಹೊರಬೇಕು. ಒಬ್ಬ ಭುಜ ಸಡಿಲ ಬಿಟ್ಟರೂ ಅವನ ಪಾಲು ಮಿಕ್ಕವರ ಮೇಲೆ. ಸಂತೆ ಭುಜ ಕೊಡುತ್ತಿದ್ದ, ಅದರಲ್ಲಿ ಮೋಸ ಇಲ್ಲ. ಆದರೆ ಚೌಕಟ್ಟುಗಳನ್ನು ಸೇರಿಸುವ ಪಿನ್ನುಗಳನ್ನು ಅವನ ಕೈಗೆ ಯಾರೂ ಕೊಡುತ್ತಿರಲಿಲ್ಲ. ಎಲ್ಲೋ ಇಟ್ಟು ಮರೆಯುತ್ತಾನೆ. ಮೈನ್ ಹೂಳಿದ ಜಾಗಗಳ ದಾಖಲೆ ಬರೆಯುವ ಕೆಲಸವನ್ನಂತೂ ಕೊಡಲೇ ಇಲ್ಲ. ಕೊಡಬಾರದು ಕೂಡ. ಅಲ್ಲಿ ಒಂದು ಹೆಜ್ಜೆ ಅಳತೆ ತಪ್ಪಿದರೆ ನಾಳೆ ತೆಗೆಯಲು ಹೋದವನ ಕಾಲು ಹೋಗುತ್ತೆ. ಪ್ರೀತಿ ಇದೆ ಅಂತ ಎಲ್ಲ ಕೆಲಸ ಕೊಡೋಕಾಗಲ್ಲ.

ಹಿಮದ ಕಡೆ ಹೋದಾಗ ಇದು ಇನ್ನೂ ಚೆನ್ನಾಗಿ ಗೊತ್ತಾಯಿತು. ಅಷ್ಟು ಎತ್ತರಕ್ಕೆ ಒಮ್ಮೆಲೇ ಕಳಿಸುವುದಿಲ್ಲ. ಒಂದು ಎತ್ತರದಲ್ಲಿ ಆರು ದಿನ, ಅದರ ಮೇಲೆ ನಾಲ್ಕು, ಇನ್ನೂ ಮೇಲೆ ಮತ್ತೆ ನಾಲ್ಕು ದಿನ ಇಟ್ಟು ಮೈಗೆ ಅಭ್ಯಾಸ ಮಾಡಿಸುತ್ತಾರೆ. ಮೇಲೆ ಒಂದು ಸಣ್ಣ ಬಂಕರಿನಲ್ಲಿ ನಾವು ನಾಲ್ವರು. ಬೆಚ್ಚಗಿರಲು ಉರಿಸುವ ಸೀಮೆಎಣ್ಣೆ ಒಲೆ, ಬುಖಾರಿ, ಅದರ ಮಸಿ ಎಲ್ಲದರ ಮೇಲೂ. ಉಗುಳಿದರೆ ಕಪ್ಪು. ಅಲ್ಲಿ ನನ್ನ ಅಚ್ಚುಕಟ್ಟಿಗೆ ಜಾಗವೇ ಇರಲಿಲ್ಲ, ಸಂತೆಗೆ ಮಾತ್ರ ಊರಿಗೆ ಬಂದಷ್ಟು ಆರಾಮ. ಆದರೆ ಒಂದು ದಿನ ಹೊರಗಿನ ದಪ್ಪ ಕೈಗವಸು ಒಂದನ್ನು ಎಲ್ಲೋ ಬಿಟ್ಟು ಬಂದ. ಅಲ್ಲಿ ಅದು ತಮಾಷೆಯಲ್ಲ, ಬೆರಳು ಹೋಗುತ್ತೆ. ನಮ್ಮ ಸೆಕ್ಷನ್ ಕಮಾಂಡರ್ ಬೈದು ಮುಗಿಸಿ, ಬೇರೆ ಜೊತೆ ಕೊಟ್ಟು, ಎರಡನ್ನೂ ಉದ್ದ ದಾರಕ್ಕೆ ಕಟ್ಟಿ ಅವನ ಕುತ್ತಿಗೆಗೆ ಹಾಕಿದರು. ಇಳಿದು ಬರುವವರೆಗೂ ಅವನು ಅದನ್ನು ತೆಗೆಯಲಿಲ್ಲ. ನಾವು ನಗುತ್ತಿದ್ದೆವು. ಅವನಿಗೇನೂ ಅವಮಾನ ಆಗಲಿಲ್ಲ. "ಒಳ್ಳೇದಾಯ್ತಲ್ಲ ಅಣ್ಣಾ, ಇನ್ನು ಹುಡುಕೋದು ತಪ್ತು" ಅಂದ.

ಒಂದು ರಾತ್ರಿಯ ವಿಷಯ ಹೇಳಲೇಬೇಕು. ಇದು ಹಿಮಕ್ಕೆ ಹೋಗುವುದಕ್ಕೆ ಮೊದಲು, ಬ್ಯಾರಕ್ಕಿನಲ್ಲಿದ್ದಾಗ. ಯಾದಗಿರಿ ಕಡೆಯ ಒಬ್ಬ ಹುಡುಗನಿಗೆ ಊರಿಂದ ತಂತಿ ಬಂತು. ನಿಮಗೆ ತಂತಿ ಗೊತ್ತಿಲ್ಲ, 2013ರಲ್ಲಿ ನಿಂತೇ ಹೋಯಿತು. "ತಂದೆ ಸೀರಿಯಸ್, ಕೂಡಲೇ ಹೊರಡು" ಅಂತ ಒಂದು ಸಾಲು. ರಜೆಗೋಸ್ಕರ ಸುಳ್ಳು ತಂತಿ ತರಿಸುವವರೂ ಇದ್ದರು. ಹಾಗಾಗಿ ಆ ಸಾಲನ್ನು ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಆದರೆ ಇವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ರಜೆ ಮಂಜೂರಾಯಿತು, ಗಾಡಿ ಮಾತ್ರ ಬೆಳಗ್ಗೆಯೇ. ಊರು ಮುಟ್ಟಲು ಎಷ್ಟು ದಿನ ಬೇಕು, ಅಷ್ಟರಲ್ಲಿ ಏನಾಗಿರುತ್ತೆ ಅಂತ ಎಲ್ಲರಿಗೂ ಗೊತ್ತು.

ಲೈಟು ಆರಿದ ಮೇಲೆ ಅವನು ಎದ್ದು ಬಂದು ಸಂತೆಯ ಮಂಚದ ತುದಿಯಲ್ಲಿ ಕೂತ. ಅವನ ಮಂಚ ನಾಲ್ಕಾರು ಮಂಚ ಆಚೆ ಇತ್ತು, ಅಚ್ಚುಕಟ್ಟಾಗಿತ್ತು. ಅಲ್ಲಿ ಕೂರಲಿಲ್ಲ. ಸಂತೆ ಧೈರ್ಯ ಹೇಳಲಿಲ್ಲ, ಅವನಿಗೆ ಅದು ಬರುತ್ತಿರಲಿಲ್ಲ. ಜರುಗಿ ಜಾಗ ಕೊಟ್ಟ. "ನಿಮ್ಮಪ್ಪ ಏನು ಬೆಳೀತಾರೆ?" ಅಂತ ಕೇಳಿದ. ಹುಡುಗ ಜೋಳದಿಂದ ಶುರು ಮಾಡಿದ, ತೊಗರಿಗೆ ಬಂದ, ಎತ್ತುಗಳಿಗೆ ಬಂದ, ಅಪ್ಪ ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ರೀತಿ ಹೇಳಿದ. ಒಬ್ಬೊಬ್ಬರೇ ಎದ್ದು ಬಂದೆವು. ಯಾರೋ ಅಡ್ಡ ಮಲಗಿದರು, ಯಾರೋ ಟ್ರಂಕಿನ ಮೇಲೆ. ಬೆಳಗಿನ ಜಾವ ಸಂತೆ ಎದ್ದು ತನ್ನ ಸಾಮಾನನ್ನೆಲ್ಲ ಕಲಕತೊಡಗಿದ. ಪತ್ರದ ಮಡಿಕೆಯಿಂದ ಒಂದು ನೋಟು, ಷೇವಿಂಗ್ ಡಬ್ಬಿಯಿಂದ ಒಂದು, ಕಾಲುಚೀಲದಿಂದ ಎರಡು. ಮುದ್ದೆಯಾದವು, ಎಣ್ಣೆ ಹತ್ತಿದವು. ಎಣಿಸದೆ ಹಾಗೇ ಹುಡುಗನ ಜೇಬಿಗೆ ತುರುಕಿದ. ನಮ್ಮ ದುಡ್ಡೆಲ್ಲ ಮನಿಯಾರ್ಡರ್ ಆಗಿ ಊರಿಗೆ ಹೋಗಿರುತ್ತಿತ್ತು, ಲೆಕ್ಕ ಪಕ್ಕಾ. ತಿಂಗಳ ಕೊನೆಯಲ್ಲಿ ಕೈಯಲ್ಲಿ ದುಡ್ಡು ಉಳಿದಿದ್ದದ್ದು ಎಲ್ಲಿ ಇಟ್ಟಿದ್ದೇನೆ ಅಂತ ಗೊತ್ತಿಲ್ಲದವನ ಹತ್ತಿರ ಮಾತ್ರ.

ಆ ಹುಡುಗ ವಾಪಸ್ ಬಂದ ಮೇಲೆ ತೀರಿಸಲು ನೋಡಿದ. ಎಷ್ಟು ಕೊಟ್ಟೆ ಅಂತ ಸಂತೆಗೆ ಗೊತ್ತಿರಲಿಲ್ಲ. ಎಷ್ಟು ತಗೊಂಡೆ ಅಂತ ಹುಡುಗ ಹೇಳಿದರೆ "ಅಷ್ಟಿರಲ್ಲ ಬಿಡು" ಅಂದ. ಇಬ್ಬರೂ ತಿಂಗಳುಗಟ್ಟಲೆ ಚೌಕಾಸಿ ಮಾಡಿದರು, ಒಬ್ಬ ಜಾಸ್ತಿ ಕೊಡಲು, ಇನ್ನೊಬ್ಬ ಕಮ್ಮಿ ತಗೊಳ್ಳಲು. ಕೊನೆಗೆ ಹುಡುಗ ರಜೆಯಿಂದ ಬರುವಾಗ ಒಂದು ಚೀಲ ಶೇಂಗಾ ಹೋಳಿಗೆ, ಜೋಳದ ಕಡಕ್ ರೊಟ್ಟಿ ತಂದು ಅವನ ಮಂಚದ ಮೇಲೆ ಸುರಿದ. ರೊಟ್ಟಿ ಚೂರು ಎಷ್ಟೋ ದಿನ ನನ್ನ ಹಾಸಿಗೆಯಲ್ಲೂ ಸಿಗುತ್ತಿತ್ತು.

ಅವನು ಹವಾಲ್ದಾರ್ ಆಗಲಿಲ್ಲ. ನಾಯಕ್ ಆಗಿ ಪೆನ್ಷನ್ ಮೇಲೆ ಹೊರಟ. ಹೋಗುವ ದಿನ ಅವನ ಟ್ರಂಕು ಕಟ್ಟಿದ್ದು ನಾನು. ಅದರಲ್ಲಿ ನನ್ನದೇ ಎಷ್ಟು ಸಾಮಾನು ಸಿಕ್ಕಿತು ಅಂತ ಹೇಳಿದರೆ ನೀವು ನಂಬುವುದಿಲ್ಲ. ಕಳೆದು ಹೋಯಿತು ಅಂತ ಬೇರೆಯವರ ಮೇಲೆ ಅನುಮಾನ ಪಟ್ಟಿದ್ದ ಟೂತ್‌ಬ್ರಷ್ಷಿನ ಡಬ್ಬಿಯೂ ಇತ್ತು. ತೆಗೆದುಕೊಳ್ಳಲಿಲ್ಲ, ಅವನ ಸಾಮಾನಿನ ಜೊತೆಗೇ ಕಟ್ಟಿದೆ.

ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಾನೆ. ಅವನ ಮಗಳ ಮದುವೆಗೆ ಹೋಗಿದ್ದೆ. ಮನೆ ನೀಟಾಗಿತ್ತು, ಅದು ಅವನ ಹೆಂಡತಿಯ ಕೆಲಸ. "ಇವರದ್ದು ಹಿಂದೆ ಒಂದು ಶೆಡ್ ಇದೆ ಅಣ್ಣ, ಅಲ್ಲಿಗೆ ಮಾತ್ರ ನಾನು ಕಾಲಿಡಲ್ಲ" ಅಂದರು. ಶೆಡ್ಡಿಗೆ ಹೋದರೆ ಆಗಲೇ ನಾಲ್ಕೈದು ಹಳೇ ತಂಬಿಗಳು ಒಂದು ಹಗ್ಗದ ಮಂಚದ ಮೇಲೆ ಕೂತಿದ್ದರು. ಮದುವೆ ಮನೆಯಲ್ಲಿ ಅಷ್ಟೊಂದು ಹೊಸ ಕುರ್ಚಿ ಇದ್ದವು.

ಇಲ್ಲಿ ಒಬ್ಬ ಹುಡುಗ ಚೀಟಿ ಕಳಿಸಿದ್ದಾನೆ, "ಸರ್, ಸಂತೆಯವರ ಜೊತೆ ಈಗಲೂ ಮಾತಾಡ್ತೀರಾ?" ಅಂತ. ಮಾತಾಡ್ತೀನಿ. ಆದರೆ ಅವನೇ ಫೋನ್ ಮಾಡಬೇಕು, ನಾನು ಮಾಡಿದರೆ ಹತ್ತೋದಿಲ್ಲ. ಫೋನು ಕಳೆದುಕೊಳ್ಳುತ್ತಾನೆ, ಇಲ್ಲ ಸಿಮ್ ಕಳೆದುಕೊಳ್ಳುತ್ತಾನೆ. ನನ್ನ ಫೋನಿನಲ್ಲಿ "ಸಂತೆ" ಅಂತ ಒಂದು ನಂಬರ್ ಇದೆ, "ಸಂತೆ ಹೊಸದು" ಅಂತ ಇನ್ನೊಂದು, "ಸಂತೆ ಹೊಸದು ಇದೇ" ಅಂತ ಮತ್ತೊಂದು. ಹೋದ ವಾರ ಯಾವುದೋ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಎತ್ತಿದ ಕೂಡಲೇ ಉದ್ದಕ್ಕೆ "ಅಣ್ಣಾ" ಅಂದ. ಏನೋ ಬೇಕಾಗಿದೆ ಅಂತ ಗೊತ್ತಾಯಿತು.